ಸ್ಥಳೀಯ ವಸ್ತುಸಂಗ್ರಹಾಲಯದಲ್ಲಿ ದಾಖಲೆಯ ಸ್ಥಾನ

ಊರಿನ ಇತಿಹಾಸ ಸಂಘವು ವಸ್ತುಸಂಗ್ರಹಾಲಯವನ್ನು ತೆರೆಯುವಾಗ ಗಾಜಿನ ಕಪಾಟಿಗಿಂತ ಮೊದಲು ದಾಖಲೆಯ ಪುಸ್ತಕವನ್ನು ಸಿದ್ಧಪಡಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ 12 ಸಂಪುಟಗಳಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಶಾಸನಗಳನ್ನು ಬಹುಮಟ್ಟಿಗೆ ತಾಲ್ಲೂಕುವಾರು ಜೋಡಿಸಿ, ಅವುಗಳಿಗೆ ಸಂಖ್ಯೆಯನ್ನು ಕೊಟ್ಟು, ದೊರೆತ ಊರನ್ನು ನಮೂದಿಸಿದರು. ಆದುದರಿಂದಲೇ ವಿದ್ವಾಂಸರು ಇಂದಿಗೂ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಗಳಿಂದ ಶಾಸನವನ್ನು ಗುರುತಿಸಬಲ್ಲರು. ಕ್ರಿ. ಶ. 450ರ ಸುಮಾರಿನ ಹಲ್ಮಿಡಿ ಶಾಸನವನ್ನು ಮೈಸೂರಿಗೆ ಸಾಗಿಸಿದರೂ ಬೇಲೂರು ತಾಲ್ಲೂಕಿನ ಆ ಹಳ್ಳಿಯೊಡನೆ ಅದಕ್ಕಿರುವ ಸಂಬಂಧ ಕಡಿದುಹೋಗಿಲ್ಲ.

ಬರಹವಿಲ್ಲದ ವೀರಗಲ್ಲಿನ ಸ್ಥಿತಿ ಬೇರೆ. ಅದರ ಕಾಲವನ್ನು ಶಿಲ್ಪಶೈಲಿಯಿಂದ ಸ್ಥೂಲವಾಗಿ ಊಹಿಸಬಹುದು. ಆದರೆ ಆ ವೀರನು ಯಾವ ಊರಿನ ತುರುಗಳಿಗಾಗಿ ಮಡಿದನೆಂಬುದನ್ನು ಅರಿಯಲು ಕಲ್ಲು ನಿಂತಿದ್ದ ಸ್ಥಳವೇ ಮುಖ್ಯ ಆಧಾರ. ಆದಕಾರಣ ಇದ್ದೆಡೆಯಲ್ಲಿಯೇ ಸುರಕ್ಷಿತವಾಗಿರಬಲ್ಲ ಕಲ್ಲನ್ನು ಕೀಳದಿರುವುದು ಲೇಸು.

ತರಲೇಬೇಕಾದಲ್ಲಿ, ವಸ್ತುವು ಬಂದ ದಿನವೇ ಅದರ ಕ್ರಮಸಂಖ್ಯೆ, ಕೊಟ್ಟವರ ಹೆಸರು, ಊರು, ಹೊಲದ ಸರ್ವೆ ನಂಬರು, ಅಳತೆ, ಸ್ಥಿತಿ ಇವುಗಳನ್ನು ಬರೆದಿಡಬೇಕು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಲಾಗದು. ಪುಸ್ತಕದ ಪ್ರತಿಯೊಂದು ಬೇರೆ ಕಟ್ಟಡದಲ್ಲಿರಬೇಕು. ಸ್ಥಳವನ್ನು ಬಲ್ಲ ಹಿರಿಯರು ಗತಿಸಿದ ಮೇಲೆ ಈ ವಿವರಗಳನ್ನು ಯಾವ ಸಂಶೋಧನೆಯೂ ಮರಳಿ ತರಲಾರದು.