ಮೆಟನೋಯ: ಒಂದು ಮಾತಿನ ತಿರುವು

ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೋಗುವಾಗ ಮಾತು ತನ್ನದೇನನ್ನಾದರೂ ಕಳೆದುಕೊಳ್ಳುತ್ತದೆ, ಇಲ್ಲವೆ ಹೊಸದೇನನ್ನಾದರೂ ಹೊತ್ತುಕೊಳ್ಳುತ್ತದೆ. ಕಾವ್ಯದಲ್ಲಿ ಇದರಿಂದಾಗುವ ನಷ್ಟ ಹೆಚ್ಚೆಂದರೆ ರಸಿಕನ ನಷ್ಟ. ಧರ್ಮಗ್ರಂಥದಲ್ಲಿ ಹಾಗಲ್ಲ, ಅಲ್ಲಿ ಒಂದು ಪದದ ಅರ್ಥ ತುಸು ಸರಿದರೂ ಅದನ್ನು ನಂಬಿ ಬಾಳುವವರ ನಡೆಯೇ ಬೇರೆಯಾದೀತು. ಇದಕ್ಕೆ ಹೊಸ ಒಡಂಬಡಿಕೆಯ ‘ಮೆಟನೋಯ’ ಎಂಬ ಗ್ರೀಕ್ ಪದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. ಮತ್ತಾಯನ ಸುವಾರ್ತೆಯಲ್ಲಿ ಸ್ನಾನಿಕ ಯೋಹಾನನ ಬೋಧನೆಯೂ ಯೇಸುವಿನ ಬೋಧನೆಯೂ ಆರಂಭವಾಗುವುದು ಇದರ ಕ್ರಿಯಾರೂಪದಿಂದಲೇ. ನಾನು ದೈವಶಾಸ್ತ್ರಜ್ಞನಲ್ಲ, ಕನ್ನಡ ಪಾಠ ಹೇಳುವವನು. ಆದರೆ ಪದದ ಬೆನ್ನು ಹತ್ತಿ ಹೋಗುವುದು ಭಾಷೆಯ ಅಧ್ಯಾಪಕನಿಗೆ ಸಹಜವಾದ ಚಾಳಿ.

‘ಮೆಟ’ ಎಂಬ ಉಪಸರ್ಗಕ್ಕೆ ‘ಅನಂತರ’ ಎಂಬ ಅರ್ಥವೂ ‘ಮಾರ್ಪಾಡು’ ಎಂಬ ಅರ್ಥವೂ ಉಂಟು. ‘ನೂಸ್’ ಎಂದರೆ ಮನಸ್ಸು, ಅರಿಯುವ ಶಕ್ತಿ. ‘ಪ್ರೊನೋಯ’ ಎಂದರೆ ಮುಂದಾಲೋಚನೆ. ಅದಕ್ಕೆ ಇದಿರಾಗಿ ‘ಮೆಟನೋಯ’ ಎಂದರೆ ಕಾರ್ಯವಾದ ಬಳಿಕ ಹುಟ್ಟುವ ಆಲೋಚನೆ, ಅದರಿಂದ ಮನಸ್ಸು ಬೇರೆಯಾಗುವುದು. ಹಳೆಯ ಗ್ರೀಕರಲ್ಲಿ ಇದು ಧರ್ಮದ ಪರಿಭಾಷೆಯಾಗಿರಲಿಲ್ಲ; ಸಂತೆಯಲ್ಲಿಯೂ ಸಭೆಯಲ್ಲಿಯೂ ಆಡಬಹುದಾದ ಮಾತಾಗಿತ್ತು.

ಇತಿಹಾಸಕಾರ ಥ್ಯುಸಿಡಿಡೀಸನು ಈ ಪದವನ್ನು ಬಳಸಿರುವ ಒಂದು ಸಂದರ್ಭ ಮರೆಯುವಂಥದಲ್ಲ. ಕ್ರಿಸ್ತಪೂರ್ವ 427ರಲ್ಲಿ ಲೆಸ್ಬಾಸ್ ದ್ವೀಪದ ಮಿಟಿಲೀನಿ ಪಟ್ಟಣದವರು ಅಥೆನ್ಸಿನ ವಿರುದ್ಧ ಎದ್ದ ದಂಗೆ ಸೋತಿತು. ಕೋಪಗೊಂಡ ಅಥೆನ್ಸಿನ ಸಭೆ ಪ್ರಾಯಕ್ಕೆ ಬಂದ ಗಂಡಸರೆಲ್ಲರನ್ನೂ ಕೊಲ್ಲಬೇಕು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿಸಬೇಕು ಎಂದು ತೀರ್ಮಾನಿಸಿ, ಆಜ್ಞೆಯನ್ನು ಹಡಗಿನಲ್ಲಿ ಕಳಿಸಿತು. ಮರುದಿನವೇ ಅವರಲ್ಲಿ ‘ಮೆಟನೋಯ’ ಹುಟ್ಟಿತು ಎನ್ನುತ್ತಾನೆ ಇತಿಹಾಸಕಾರ. ಸಭೆ ಮತ್ತೆ ಸೇರಿತು. ಕ್ಲಿಯಾನನು ಹಳೆಯ ತೀರ್ಪೇ ನಿಲ್ಲಲಿ ಎಂದ, ಡಯೊಡೋಟಸನು ಬೇಡವೆಂದ. ಸ್ವಲ್ಪ ಅಂತರದಿಂದ ಡಯೊಡೋಟಸನ ಪಕ್ಷ ಗೆದ್ದಿತು. ಒಡನೆಯೇ ಎರಡನೆಯ ಹಡಗು ಹೊರಟಿತು. ಮೊದಲನೆಯದು ಸುಮಾರು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಅಂಬಿಗರು ಹುಟ್ಟು ಬಿಡದೆ, ದ್ರಾಕ್ಷಾರಸದಲ್ಲಿಯೂ ಎಣ್ಣೆಯಲ್ಲಿಯೂ ಕಲಸಿದ ಜವೆಯ ಹಿಟ್ಟನ್ನು ತಿನ್ನುತ್ತ, ಸರದಿಯಂತೆ ನಿದ್ರಿಸುತ್ತ ಸಾಗಿದರು. ಮೊದಲ ಹಡಗಿನವರಾದರೋ ಘೋರ ಕಾರ್ಯಕ್ಕೆ ಹೊರಟವರಾದ್ದರಿಂದ ಅವಸರಪಟ್ಟಿರಲಿಲ್ಲ. ಅಲ್ಲಿನ ಸೇನಾಪತಿ ಆಜ್ಞೆಯನ್ನು ಓದಿ ಇನ್ನೇನು ನಡೆಸಬೇಕು ಎನ್ನುವಷ್ಟರಲ್ಲಿ ಎರಡನೆಯ ಹಡಗು ದಡ ಸೇರಿತು. ದಂಗೆಯ ಮುಂದಾಳುಗಳಿಗೆ ಮರಣದಂಡನೆ ತಪ್ಪಲಿಲ್ಲ, ಊರು ಉಳಿಯಿತು.

ಈ ಲೌಕಿಕ ಪ್ರಸಂಗದಲ್ಲಿಯೇ ಪದದ ಮರ್ಮ ಅಡಗಿದೆ. ಅಥೆನ್ಸಿನವರು ಮನೆಯಲ್ಲಿ ಕುಳಿತು ಮರುಗಿದ್ದರೆ ಮಿಟಿಲೀನಿಯ ಒಬ್ಬನೂ ಬದುಕುತ್ತಿರಲಿಲ್ಲ. ಬದಲಾದ ಮನಸ್ಸು ಎರಡನೆಯ ಹಡಗನ್ನು ಕಳಿಸಬೇಕಾಯಿತು.

ಬೈಬಲಿನಲ್ಲಿ ಈ ಪದಕ್ಕೆ ಇನ್ನೊಂದು ಆಳ ದೊರೆಯಿತು. ಹೀಬ್ರೂ ಪ್ರವಾದಿಗಳ ಕರೆ ‘ಶೂಬ್’ ಎಂಬ ಧಾತುವಿನದು. ಅದರ ಅರ್ಥ ತಿರುಗು, ಹಿಂದಿರುಗು. ದಾರಿ ತಪ್ಪಿದವನು ಮನೆಯ ಕಡೆಗೆ ಮೊಗ ಮಾಡುವುದು. ಯೇಸುವಿನ ಕಾಲಕ್ಕೆ ಗ್ರೀಕ್ ಮಾತಾಡುತ್ತಿದ್ದ ಯೆಹೂದ್ಯರಲ್ಲಿ ‘ಮೆಟನೋಯ’ ಈ ತಿರುಗುವಿಕೆಯ ಅರ್ಥವನ್ನೂ ಒಳಗೊಂಡಿತ್ತು. ಆದುದರಿಂದಲೇ ಲೂಕನ ಸುವಾರ್ತೆಯಲ್ಲಿ ಯೋಹಾನನು ಮೆಟನೋಯಕ್ಕೆ ತಕ್ಕ ಫಲವನ್ನು ಕೇಳುತ್ತಾನೆ. ‘ನಾವೇನು ಮಾಡಬೇಕು?’ ಎಂದವರಿಗೆ ಅವನು ಉಪವಾಸವನ್ನಾಗಲಿ ಗೋಳಾಟವನ್ನಾಗಲಿ ವಿಧಿಸುವುದಿಲ್ಲ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ. ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡದಿರಲಿ. ಸಿಪಾಯಿ ಬೆದರಿಸಿ ಸುಲಿಯದಿರಲಿ. ಇದು ಅವನ ಉತ್ತರದ ಸಾರ.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮನು ಸಿದ್ಧಪಡಿಸಿದ ಲ್ಯಾಟಿನ್ ಪಾಠದಲ್ಲಿ ಈ ಕರೆಗೆ ‘ಪೆನಿಟೆನ್ಶಿಯ ಮಾಡಿರಿ’ ಎಂಬರ್ಥದ ಮಾತು ನಿಂತಿತು. ಲ್ಯಾಟಿನ್ ಪದದಲ್ಲಿ ಮರುಕವೂ ಇದೆ, ದಂಡನೆಯನ್ನು ಹೊರುವ ಭಾವವೂ ಇದೆ. ಮಧ್ಯಯುಗದಲ್ಲಿ ಇದು ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿ, ಅವನು ವಿಧಿಸಿದ ಪ್ರಾಯಶ್ಚಿತ್ತವನ್ನು ನಡೆಸುವ ಸಂಸ್ಕಾರದ ಹೆಸರಾಯಿತು. ಹದಿನೈದನೆಯ ಶತಮಾನದಲ್ಲಿ ಇಟಲಿಯ ಲೊರೆಂಜೊ ವಲ್ಲ ಈ ಅನುವಾದವನ್ನು ಪ್ರಶ್ನಿಸಿದ. 1516ರಲ್ಲಿ ಎರಾಸ್ಮಸ್ ಗ್ರೀಕ್ ಮೂಲವನ್ನು ತನ್ನ ಲ್ಯಾಟಿನ್ ಅನುವಾದದೊಡನೆ ಅಚ್ಚು ಹಾಕಿಸಿದ. ಮರುವರ್ಷ ಮಾರ್ಟಿನ್ ಲೂಥರನು ತನ್ನ 95 ಸೂತ್ರಗಳಲ್ಲಿ ಮೊದಲನೆಯದನ್ನೇ ಈ ಮಾತಿಗೆ ಮೀಸಲಿಟ್ಟ. ಕ್ರಿಸ್ತನು ಬಯಸಿದ್ದು ಒಂದು ದಿನದ ವಿಧಿಯನ್ನಲ್ಲ, ಇಡೀ ಬಾಳಿನ ಪರಿವರ್ತನೆಯನ್ನು ಎಂಬುದು ಅದರ ತಾತ್ಪರ್ಯ. ಯೂರೋಪಿನ ಧರ್ಮಕ್ರಾಂತಿಗೆ ಕಾರಣಗಳು ಅನೇಕ. ಅವುಗಳ ನಡುವೆ ವ್ಯಾಕರಣದ ಈ ಚರ್ಚೆಗೂ ಸ್ಥಾನವುಂಟು.

ಗ್ರೀಕ್ ಭಾಷೆಯಲ್ಲಿ ಬರಿಯ ಮರುಕಕ್ಕೆ ‘ಮೆಟಮೆಲೊಮೈ’ ಎಂಬ ಬೇರೊಂದು ಕ್ರಿಯಾಪದವಿದೆ. ಎರಡರ ನಡುವೆ ಉಕ್ಕಿನ ಗೋಡೆಯೇನೂ ಇಲ್ಲ; ಮತ್ತಾಯನೇ ಒಂದೆಡೆ ಈ ಎರಡನೆಯದನ್ನು ಒಳ್ಳೆಯ ಅರ್ಥದಲ್ಲಿ ಬಳಸಿದ್ದಾನೆ. ಆದರೂ ಯೂದನ ಪ್ರಸಂಗದಲ್ಲಿ ಅವನು ಆರಿಸಿಕೊಂಡದ್ದು ಇದನ್ನು. ಗುರುವನ್ನು ಹಿಡಿದುಕೊಟ್ಟ ಯೂದ ಮರುಗಿದ; ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ತಂದ; ತಾನು ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದ; ಆಮೇಲೆ ಹೋಗಿ ನೇಣು ಹಾಕಿಕೊಂಡ. ಅದೇ ರಾತ್ರಿ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ ಪೇತ್ರನೂ ಬಿಕ್ಕಿ ಅತ್ತ. ಇಬ್ಬರ ಸಂಕಟದಲ್ಲಿ ಯಾವುದು ಹೆಚ್ಚು ಎಂದು ತೂಗುವವರು ಯಾರು? ವ್ಯತ್ಯಾಸವಿರುವುದು ಸಂಕಟದ ಪ್ರಮಾಣದಲ್ಲಲ್ಲ, ಮುಖದ ದಿಕ್ಕಿನಲ್ಲಿ. ಒಬ್ಬ ತನ್ನ ಪಾಪವನ್ನೇ ನೋಡುತ್ತ ನಿಂತ. ಇನ್ನೊಬ್ಬ ತಾನು ಬಿಟ್ಟುಹೋದವನ ಕಡೆಗೆ ಮರಳಿದ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಮೆಟನೋಯವನ್ನು ಹುಟ್ಟಿಸುವ ದುಃಖವನ್ನೂ ಮರಣಕ್ಕೆ ಒಯ್ಯುವ ದುಃಖವನ್ನೂ ಬೇರೆ ಮಾಡಿ ಹೇಳಿದ್ದಾನೆ.

ಈಗ ಕನ್ನಡಕ್ಕೆ ಬರೋಣ. ನಮ್ಮ ಬೈಬಲ್ ಅನುವಾದಗಳಲ್ಲಿ ಈ ಒಂದು ಪದಕ್ಕೆ ಪಶ್ಚಾತ್ತಾಪ, ದೇವರ ಕಡೆಗೆ ತಿರುಗಿಕೊಳ್ಳುವುದು, ಮಾನಸಾಂತರ ಎಂಬ ಪ್ರಯೋಗಗಳು ಕಾಣುತ್ತವೆ. ‘ಪಶ್ಚಾತ್’ ಎಂದರೆ ಆಮೇಲೆ. ‘ತಾಪ’ ಎಂದರೆ ಬೇಗೆ. ಈ ಪದ ಹೇಳುವುದು ಹೊತ್ತಿದ ಬೆಂಕಿಯನ್ನು. ಆ ಬೆಂಕಿಯಿಂದ ಏನು ಬೆಂದು ಪಕ್ವವಾಯಿತೆಂಬುದನ್ನು ಅದು ಹೇಳುವುದಿಲ್ಲ. ‘ತಿರುಗಿಕೊಳ್ಳು’ ಎಂಬ ಅಚ್ಚಗನ್ನಡ ಮಾತು ಗ್ರೀಕನ್ನು ದಾಟಿ ನೇರವಾಗಿ ಹೀಬ್ರೂ ಧಾತುವಿನ ಪಕ್ಕದಲ್ಲಿ ನಿಲ್ಲುತ್ತದೆ. ‘ಮಾನಸಾಂತರ’ವಾದರೋ ಗ್ರೀಕ್ ಸಮಾಸದ ಅಚ್ಚಿನಲ್ಲಿಯೇ ಎರಕ ಹೊಯ್ದಂತಿದೆ: ರೂಪಾಂತರ, ಭಾಷಾಂತರಗಳಂತೆ ಮನಸ್ಸು ಬೇರೊಂದಾಗುವುದು. ಈ ಪದ ದಿನಬಳಕೆಗೆ ಬಾರದೆ ಗ್ರಂಥದಲ್ಲಿಯೇ ಉಳಿದದ್ದು ನನಗೆ ಖೇದದ ಸಂಗತಿ. ಮೂರನ್ನೂ ಜೊತೆಯಲ್ಲಿಟ್ಟು ಓದಿದರೆ ಮೂಲದ ಪೂರ್ಣಾರ್ಥ ಕೈಗೆ ಬರುತ್ತದೆ: ಬೇಗೆ ಮೊದಲು, ಬೇರೆಯಾದ ಅರಿವು ಅನಂತರ, ಕೊನೆಗೆ ತಿರುಗಿ ನಡೆಯುವ ಕಾಲು.

ಈ ಕ್ರಮವನ್ನು ಲೂಕನು ದುಂದುಗಾರ ಮಗನ ಕಥೆಯಲ್ಲಿ ಒಂದೂ ಪರಿಭಾಷೆಯಿಲ್ಲದೆ ತೋರಿಸಿದ್ದಾನೆ. ಹಂದಿ ಮೇಯಿಸುತ್ತ ಹಸಿದಿದ್ದ ಆ ಹುಡುಗ ‘ತನ್ನೊಳಗೆ ಬಂದ’ ಎಂಬರ್ಥದ ನುಡಿಯನ್ನು ಅಲ್ಲಿ ಬಳಸಿದೆ. ನಮ್ಮಲ್ಲಿಯೂ ‘ಮೈ ತಿಳಿ’ ಎಂಬ ಮಾತುಂಟಷ್ಟೆ. ತನ್ನನ್ನು ತಾನು ಕಂಡುಕೊಂಡವನು ಅಲ್ಲಿಯೇ ಅಳುತ್ತ ಕೂಡಲಿಲ್ಲ, ಎದ್ದು ಹೊರಟ. ತಂದೆ ದೂರದಿಂದಲೇ ಕಂಡು ಓಡಿಬಂದ. ತಪ್ಪೊಪ್ಪಿಗೆಗೆಂದು ಮಗ ಕಟ್ಟಿಕೊಂಡಿದ್ದ ಮಾತು ಮುಗಿಯುವುದಕ್ಕೂ ತಂದೆ ಅವಕಾಶ ಕೊಡಲಿಲ್ಲ. ಆ ಮಾತಿನಿಂದ ಆಗಬೇಕಾದ ಕೆಲಸ ಮಗನು ಊರಿನ ದಾರಿ ಹಿಡಿದಾಗಲೇ ಆಗಿಹೋಗಿತ್ತು.