ಚಂದ್ರ ತನ್ನ ಸುತ್ತ ತಾನು ತಿರುಗುತ್ತಾನೆಯೇ?

ಯಾವ ಹುಣ್ಣಿಮೆಯಲ್ಲಿ ನೋಡಿದರೂ ಚಂದ್ರನ ಮೇಲಿನ ಕಪ್ಪು ಕಲೆಗಳು ಅವೇ. ಹಿಂದಿನವರು ಮೊಲವನ್ನೋ ಜಿಂಕೆಯನ್ನೋ ಕಂಡ ಆ ಕಲೆಗಳು ಒಂದು ತಿಂಗಳು ತೋರಿ ಮರುತಿಂಗಳು ಮರೆಯಾದದ್ದಿಲ್ಲ. ಸರಾಸರಿ 3,84,400 ಕಿ.ಮೀ. ದೂರದಲ್ಲಿರುವ, 3,474 ಕಿ.ಮೀ. ಅಡ್ಡಳತೆಯ ಆ ಗೋಳದ ಒಂದೇ ಮಗ್ಗುಲು ಸದಾ ನಮ್ಮ ಕಡೆಗಿದೆ. ಹೀಗಾಗಿ ಚಂದ್ರ ಭೂಮಿಯನ್ನು ಸುತ್ತುತ್ತಾನೆಯೇ ಹೊರತು ತನ್ನ ಸುತ್ತ ತಾನು ತಿರುಗುವುದಿಲ್ಲ ಎಂದು ಅನೇಕ ವಿದ್ಯಾರ್ಥಿಗಳು ತೀರ್ಮಾನಿಸಿಬಿಡುತ್ತಾರೆ. ನಿಜ ಇದಕ್ಕೆ ತದ್ವಿರುದ್ಧ. ಅವನು ತಿರುಗದೆ ಇದ್ದಿದ್ದರೆ ಒಂದು ತಿಂಗಳೊಳಗೆ ಅವನ ಎಲ್ಲ ಮಗ್ಗುಲುಗಳೂ ನಮಗೆ ಕಾಣಬೇಕಿತ್ತು. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವವರನ್ನು ಗಮನಿಸಿ. ಗರ್ಭಗುಡಿಯ ಕಡೆಗೆ ಅವರ ಬಲಭುಜವೇ ಇರುತ್ತದೆ. ಆದರೂ ಒಂದು ಸುತ್ತು ಮುಗಿಯುವಷ್ಟರಲ್ಲಿ ಅವರ ಮುಖ ನಾಲ್ಕೂ ದಿಕ್ಕುಗಳನ್ನು ನೋಡಿರುತ್ತದೆ. ಚಂದ್ರನಿಗೂ ಭೂಮಿಯನ್ನು ಒಂದು ಸುತ್ತು ಬರಲು 27.3 ದಿನ ಬೇಕು, ತನ್ನ ಅಕ್ಷದ ಮೇಲೆ ಒಂದು ಸಲ ತಿರುಗಲೂ ಅಷ್ಟೇ ದಿನ ಬೇಕು.

ಇದಕ್ಕೊಂದು ಆಕ್ಷೇಪವಿದೆ, ಅದು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಸುತ್ತು ಬರುವಾಗ ತಾನಾಗಿಯೇ ಆಗುವ ತಿರುವನ್ನು ಬೇರೆಯೇ ಒಂದು ಚಲನೆಯೆಂದು ಏಕೆ ಎಣಿಸಬೇಕು? ಚಂದ್ರನನ್ನು ಭೂಮಿಗೆ ಕಾಣದ ಕಂಬಿಯೊಂದರಿಂದ ಬಿಗಿದಿದ್ದರೂ ಒಂದೇ ಮುಖ ಕಾಣುತ್ತಿತ್ತಲ್ಲ? ಅಲ್ಲಿ ಹಗಲು ರಾತ್ರಿಗಳಿವೆ ಎಂದಷ್ಟೇ ಹೇಳಿದರೆ ಉತ್ತರವಾಗದು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಅಲ್ಲಿನ ಬೆಳಗಿನ ಹೊತ್ತಿಗೆ ಇಳಿದು, ನಮ್ಮ ಲೆಕ್ಕದ ಸುಮಾರು ಎರಡು ವಾರಗಳ ಹಗಲಲ್ಲಿ ಕೆಲಸ ಮುಗಿಸಬೇಕಾಯಿತು ನಿಜ. ಆದರೆ ಕಂಬಿಗೆ ಬಿಗಿದ ಚಂದ್ರನಲ್ಲೂ ಸೂರ್ಯ ಹುಟ್ಟಿ ಮುಳುಗುತ್ತಿದ್ದ. ಪ್ರಶ್ನೆಯನ್ನು ಬಗೆಹರಿಸುವುದು ಚಂದ್ರನ ಓಲಾಟ. ಅವನ ಹಾದಿ ಪೂರ್ಣ ವೃತ್ತವಲ್ಲ. ಹತ್ತಿರ ಬಂದಾಗ ಸುಮಾರು 3,63,000 ಕಿ.ಮೀ., ದೂರ ಸರಿದಾಗ ಸುಮಾರು 4,05,000 ಕಿ.ಮೀ. ಹತ್ತಿರದಲ್ಲಿ ಓಟ ಚುರುಕು, ದೂರದಲ್ಲಿ ನಿಧಾನ. ಆದರೆ ಅವನು ತನ್ನ ಅಕ್ಷದ ಮೇಲೆ ತಿರುಗುವ ವೇಗ ಹೆಚ್ಚುಕಡಿಮೆ ಒಂದೇ ಸಮ. ಆದ್ದರಿಂದ ಒಂದು ಚಲನೆ ಕೆಲವೊಮ್ಮೆ ಇನ್ನೊಂದಕ್ಕಿಂತ ಮುಂದಿರುತ್ತದೆ, ಕೆಲವೊಮ್ಮೆ ಹಿಂದೆ ಬೀಳುತ್ತದೆ. ಚಂದ್ರನ ಪೂರ್ವದ ಅಂಚು ಒಮ್ಮೆ, ಪಶ್ಚಿಮದ ಅಂಚು ಒಮ್ಮೆ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಅಕ್ಷದ ವಾಲಿಕೆಯಿಂದ ಉತ್ತರ ದಕ್ಷಿಣದ ಅಂಚುಗಳೂ ಇಣುಕುತ್ತವೆ. ಎಲ್ಲ ಸೇರಿ, ಕಾಲಕ್ರಮದಲ್ಲಿ ನಮಗೆ ಚಂದ್ರನ ಮೈಯ ಸುಮಾರು ಶೇ. 59 ಭಾಗ ಕಾಣಸಿಗುತ್ತದೆ. ಕಂಬಿಗೆ ಬಿಗಿದ ಚಂದ್ರನಲ್ಲಿ ಈ ಓಲಾಟಕ್ಕೆ ಅವಕಾಶವೇ ಇಲ್ಲ. ತಿರುಗಾಟ ಸುತ್ತಾಟದ ನೆರಳಲ್ಲ, ಬೇರೆಯೇ ಒಂದು ಚಲನೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ. ಸಾಧಾರಣ ದೂರದರ್ಶಕವಿದ್ದರೂ ಕೆಲವು ತಿಂಗಳು ತಾಳ್ಮೆಯಿಂದ ನೋಡಿದವರು ಇದನ್ನು ತಾವೇ ಗುರುತಿಸಬಹುದು.

ಹಾಗಾದರೆ ಎರಡೂ ಅವಧಿಗಳು ಸರಿಹೊಂದಿದ್ದು ಕಾಕತಾಳೀಯವೇ? ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳೂ ಶನಿಯ ಟೈಟನ್ ಕೂಡ ತಮ್ಮ ಗ್ರಹಕ್ಕೆ ಒಂದೇ ಮುಖ ತೋರುತ್ತವೆ. ಕಾಕತಾಳೀಯ ಇಷ್ಟು ಕಡೆ ನಡೆಯದು. ಭೂಮಿಯ ಸೆಳೆತ ಚಂದ್ರನ ಈಚೆ ಮಗ್ಗುಲಿಗೆ ಹೆಚ್ಚು, ಆಚೆ ಮಗ್ಗುಲಿಗೆ ಕಡಿಮೆ. ಈ ವ್ಯತ್ಯಾಸ ಚಂದ್ರನ ಮೈಯನ್ನು ತುಸು ಉಬ್ಬಿಸುತ್ತದೆ. ಒಂದು ಕಾಲದಲ್ಲಿ ಅವನು ಈಗಿಗಿಂತ ವೇಗವಾಗಿ ತಿರುಗುತ್ತಿದ್ದಾಗ ಆ ಉಬ್ಬು ಭೂಮಿಯ ನೇರಕ್ಕಿಂತ ಮುಂದೆ ಸರಿಯುತ್ತಿತ್ತು, ಭೂಮಿ ಅದನ್ನು ಹಿಂದಕ್ಕೆ ಎಳೆಯುತ್ತಿತ್ತು. ಹೀಗೆ ತಿರುಗಾಟ ಕುಗ್ಗುತ್ತಾ ಸುತ್ತಾಟಕ್ಕೆ ಸಮನಾದಲ್ಲಿ ಬಂದು ನಿಂತಿತು. ಚಂದ್ರನೂ ಕಡಲಿನ ಉಬ್ಬರವಿಳಿತದ ಮೂಲಕ ಭೂಮಿಯನ್ನು ಹೀಗೆಯೇ ನಿಧಾನಿಸುತ್ತಿದ್ದಾನೆ. ಅದರ ಫಲವಾಗಿ ಅವನು ವರ್ಷಕ್ಕೆ ಸುಮಾರು 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿಟ್ಟ ಪ್ರತಿಫಲಕಕ್ಕೂ ಆಮೇಲೆ ಇಟ್ಟ ಇತರ ಪ್ರತಿಫಲಕಗಳಿಗೂ ಲೇಸರ್ ಬೆಳಕು ಹಾಯಿಸಿ ಇದನ್ನು ಅಳೆದಿದ್ದಾರೆ.

ಇನ್ನು ನಮಗೆ ಕಾಣದ ಮಗ್ಗುಲು ಸದಾ ಕತ್ತಲಲ್ಲಿದೆ ಎಂಬ ಮಾತು. ಚಂದ್ರ ತಿರುಗುತ್ತಾನೆ ಎಂದು ಒಪ್ಪಿದ ಮೇಲೆ ಅದು ನಿಲ್ಲುವುದಿಲ್ಲ. ಅಮಾವಾಸ್ಯೆಯ ದಿನ ಆ ಮಗ್ಗುಲಿಗೆ ಪೂರ್ತಿ ಬಿಸಿಲು. 1959ರ ಅಕ್ಟೋಬರ್‌ನಲ್ಲಿ ಸೋವಿಯತ್ ನೌಕೆ ಲೂನಾ 3 ಅದರ ಮೊದಲ ಚಿತ್ರಗಳನ್ನು ತೆಗೆಯಲಾದದ್ದೂ ಆ ಬಿಸಿಲಿನಿಂದಲೇ. ಹೆಪ್ಪುಗಟ್ಟಿದ ಶಿಲಾರಸದ ಕಪ್ಪು ಬಯಲುಗಳು ಅಲ್ಲಿ ಬಲು ಕಡಿಮೆಯೆಂದು ಆ ಮಸುಕು ಚಿತ್ರಗಳಲ್ಲೇ ಗೊತ್ತಾಯಿತು.