ಹಗ್ಗ ಹಗ್ಗವನ್ನೇ ಕಚ್ಚಿದಾಗ

ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳನ್ನು ಹೊತ್ತು 2017ರ ಸೆಪ್ಟೆಂಬರ್‌ನಲ್ಲಿ ಗೋವೆಯಿಂದ ಹೊರಟ ‘ತಾರಿಣಿ’ ಎಂಬ ಹಾಯಿದೋಣಿ, ಪ್ರಪಂಚ ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿತು. ಗಾಳಿ ತುಂಬಿದ ದೊಡ್ಡ ಹಾಯಿಯನ್ನು ಬರಿಗೈಯಲ್ಲಿ ಎಳೆದು ನಿಲ್ಲಿಸಲಾದೀತೇ? ಖಂಡಿತ ಆಗದು. ಅದಕ್ಕೆಂದೇ ಇಂಥ ದೋಣಿಗಳಲ್ಲಿ ‘ವಿಂಚ್’ ಇರುತ್ತದೆ.

ವಿಂಚ್ ಎಂದರೆ ಡಬ್ಬಿಯಾಕಾರದ ಲೋಹದ ಉರುಳೆ. ಹಾಯಿಯ ಹಗ್ಗವನ್ನು ಇದಕ್ಕೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿ, ಹಿಡಿಕೆ ತಿರುಗಿಸಿ ಬಿಗಿ ಮಾಡುತ್ತಾರೆ. ಇದರ ಗುಟ್ಟು ಘರ್ಷಣೆ. 18ನೆಯ ಶತಮಾನದ ಗಣಿತಜ್ಞ ಆಯ್ಲರ್ ಈ ಲೆಕ್ಕವನ್ನು ಬಿಡಿಸಿದ್ದಾನೆ. ಘರ್ಷಣಾ ಗುಣಾಂಕ 0.2 ಇದ್ದರೆ, ಒಂದು ಸುತ್ತು ಹಾಕಿದಾಗ ಕೈಬಲದ ಮೂರೂವರೆ ಪಟ್ಟು ಸೆಳೆತವನ್ನು ತಡೆಯಬಹುದು. ಮೂರು ಸುತ್ತಿಗೆ ಸುಮಾರು 43 ಪಟ್ಟು! ನಯವಾದ ಕೊಳವೆಗೆ ದಾರ ಸುತ್ತಿ, ತುದಿಗೆ ನೀರಿನ ಬಾಟಲಿ ತೂಗುಬಿಟ್ಟು ಮಕ್ಕಳು ಮನೆಯಲ್ಲೇ ಇದನ್ನು ನೋಡಬಹುದು.

ಆದರೆ ಈ ಹಿಡಿತವೇ ಕೆಲವೊಮ್ಮೆ ಶತ್ರುವಾಗುತ್ತದೆ. ಹಾಯಿಯಿಂದ ಬರುವ ಹಗ್ಗ ಮೇಲಿನ ಸುತ್ತಿನ ಮೇಲೇರಿ ಅದನ್ನು ಅದುಮಿಬಿಟ್ಟರೆ, ಸೆಳೆತ ಹೆಚ್ಚಿದಷ್ಟೂ ಹಗ್ಗ ಹಗ್ಗವನ್ನೇ ಕಚ್ಚುತ್ತದೆ. ಆಮೇಲೆ ಬಿಗಿಯಲೂ ಆಗದು, ಸಡಿಲಿಸಲೂ ಆಗದು. ಅದೇ ಹೊತ್ತಿಗೆ ಬಿರುಗಾಳಿ ಬೀಸಿದರೆ ಹಾಯಿಯನ್ನು ಬಿಡಲಾಗದೆ ದೋಣಿ ಅಪಾಯಕರವಾಗಿ ವಾಲುತ್ತದೆ.

ಕಾರಣಗಳು ಮುಖ್ಯವಾಗಿ ಎರಡು. ಒಂದು, ಹಗ್ಗ ಬರುವ ಕೋನ. ಅದು ಸ್ವಲ್ಪ ಕೆಳಗಿನಿಂದ ಏರಿ ಬಂದು ಉರುಳೆಯ ಬುಡವನ್ನು ಸೇರಬೇಕು. ಮೇಲಿನಿಂದ ಇಳಿದು ಬಂದರೆ ಸುತ್ತುಗಳು ಒಂದರ ಮೇಲೊಂದು ಬೀಳುತ್ತವೆ. ದಿಕ್ಕು ತಿದ್ದಲು ನಡುವೆ ಒಂದು ರಾಟೆ ಇಟ್ಟರೆ ಸಾಕು. ಎರಡು, ಅವಸರ. ಹಗ್ಗ ಸಡಿಲವಾಗಿರುವಾಗಲೇ ನಾಲ್ಕು ಸುತ್ತು ಹಾಕಿ ಸರಸರನೆ ಎಳೆದರೆ ಸಿಕ್ಕು ಖಚಿತ. ಮೊದಲು ಒಂದೆರಡು ಸುತ್ತು. ಭಾರ ಏರಿದ ಮೇಲೆ ಇನ್ನೊಂದೆರಡು. ತುದಿಯನ್ನು ಮಾತ್ರ ಸದಾ ಬಿಗಿಯಾಗಿ ಹಿಡಿದಿರಬೇಕು.

ಸಿಕ್ಕಾಗಿಯೇ ಬಿಟ್ಟರೆ? ಬೆರಳು ತೂರಿಸಿ ಬಿಡಿಸಲು ಹೋಗಬಾರದು, ಬೆರಳೇ ಜಜ್ಜಿಹೋದೀತು. ಬಿಗಿದ ಹಗ್ಗಕ್ಕೆ, ವಿಂಚ್‌ಗಿಂತ ಮುಂದೆ, ಇನ್ನೊಂದು ಹಗ್ಗವನ್ನು ಜಾರದಂಥ ಗಂಟಿನಿಂದ ಕಟ್ಟಿ ಬೇರೊಂದು ವಿಂಚ್‌ನಿಂದ ಎಳೆಯುತ್ತಾರೆ. ಭಾರ ಅತ್ತ ಸರಿದ ಕೂಡಲೇ ಸಿಕ್ಕು ಸಡಿಲಾಗುತ್ತದೆ.

ಕಡಲಿನಲ್ಲಿ ಇಷ್ಟೆಲ್ಲ ಪರದಾಟವನ್ನು ತಪ್ಪಿಸುವುದು, ಹಿಡಿಕೆ ತಿರುಗಿಸುವ ಮುನ್ನ ಸುತ್ತುಗಳತ್ತ ಹಾಯಿಸುವ ಒಂದೇ ಒಂದು ನೋಟ.